ಪಂಪ್ ಗ್ಯಾಂಗಿಂದ ಫೇಸ್‌ವರೆಗೆ: ಗಣಿ ಕೆಲ್ಸಕ್ಕೆ ನಾನು ಹೊಕ್ಕಿದ್ದು ಹೀಗೆ

ಗಣಿ ಒಳಗಿನ ನೀರು ಎತ್ತೋ ಪಂಪ್ ಗ್ಯಾಂಗಿಗೆ ಸೇರಿದೋನು ಪಂಪಲ್ಲೇ ಮುದುಕ ಆಗ್ತಾನೆ ಅಂತ ನನಗೆ ಹೇಳಿದವ್ರು ಒಬ್ಬಿಬ್ರಲ್ಲ. ಈಗ ನಾನು ಫೇಸಲ್ಲಿ, ಅಂದ್ರೆ ಕಲ್ಲು ಕೊರೆದು ಒಡೆಯೋ ಸುರಂಗದ ತುದೀಲಿ, ಡ್ರಿಲ್ಲರ್, ಎಷ್ಟು ಮೀಟರ್ ಮುಂದೆ ಹೋದ್ವಿ ಅನ್ನೋ ಲೆಕ್ಕದ ಬೋನಸ್ ಎಣಿಸ್ಕೋತಾ ಇದೀನಿ, ಹಾಗಂದವ್ರೇ ಬಂದು ನಮ್ಮ ಹುಡುಗನ್ನ ಪಂಪಿಗೆ ಹಾಕ್ಸು ಮಾರಾಯ ಅಂತಾರೆ. ಅದಕ್ಕೇ ಬರೀತಿದೀನಿ. ಗಟ್ಟಿ ಕಲ್ಲಿನ ಅಂಡರ್‌ಗ್ರೌಂಡ್ ಮೈನಿನ ಮಾತು ಮಾತ್ರ ಇದು. ಕಲ್ಲಿದ್ದಲಲ್ಲಿ ಮೀಥೇನ್ ಕಾಟ, ಗಾಳೀಲಿ 5ರಿಂದ 15 ಪರ್ಸೆಂಟ್ ಸೇರಿದ್ರೆ ಕಿಡಿ ಒಂದು ಸಾಕು, ಅಲ್ಲಿ ನಾನು ಕೆಲ್ಸ ಮಾಡಿಲ್ಲ.

ಮೊದ್ಲು ಎಲ್ಲಾರ ಥರ ಕೋರ್ಸ್ ಹಿಂದೆ ಓಡಿದ್ದೇ. ಲೋಡರ್ ಸಿಮ್ಯುಲೇಟರ್ ಮುಂದೆ ಕೂತು ಜಾಯ್‌ಸ್ಟಿಕ್ ಅಲ್ಲಾಡ್ಸಿ ಸರ್ಟಿಫಿಕೇಟ್ ತಗೊಂಡೆ, ಆಗಿನ ನನ್ನ ಮೂರು ತಿಂಗಳ ದುಡಿಮೆ ಹತ್ರ ಹತ್ರ ಹೋಯ್ತು, ಅದ್ರಲ್ಲಿ ಅರ್ಧ ಸಾಲ. ಇಂಟರ್ವ್ಯೂನಲ್ಲಿ ಆ ಕಾಗದ ಬಿಚ್ಚಿಯೂ ನೋಡ್ಲಿಲ್ಲ, ಕೇಳಿದ್ದು ಒಂದೇ, ಒಳಗೆ ಎಷ್ಟು ಅವರ್ಸ್ ಆಗಿದೆ? ಅವರ್ಸ್ ಬೇಕಂದ್ರೆ ಕೆಲ್ಸ ಬೇಕು, ಕೆಲ್ಸ ಬೇಕಂದ್ರೆ ಅವರ್ಸ್ ಬೇಕು. ಆಮೇಲೆ ಒಬ್ಬ ಏಜೆಂಟ್ ಇನ್ನೊಂದು ತಿಂಗಳ ದುಡ್ಡು ನುಂಗಿ ಫೋನ್ ಎತ್ತೋದು ನಿಲ್ಲಿಸ್ದ. ಅಷ್ಟೆಲ್ಲಾ ಖರ್ಚಲ್ಲಿ ಕೆಲ್ಸಕ್ಕೆ ಬಂದಿದ್ದು ಫಸ್ಟ್ ಏಡ್ ಕಾರ್ಡ್ ಒಂದೇ, ಅದೂ ಎಲ್ಲಕ್ಕಿಂತ ಅಗ್ಗದ್ದು.

ಮೆಡಿಕಲ್ ಬಗ್ಗೆ ಒಂದು ವಿಷ್ಯ. ಕಿವಿ ಟೆಸ್ಟಿಗೆ ಮುಂಚೆ 14 ಗಂಟೆನಾದ್ರೂ ಸದ್ದಿಂದ ದೂರ ಇರ್ಬೇಕು, ನೈಟ್ ಶಿಫ್ಟ್ ಗ್ರೈಂಡರ್ ಹಿಡ್ಕೊಂಡು ನೇರ ಹೋದ್ರೆ ಫೇಲ್ ಆಗೋ ಚಾನ್ಸ್ ಜಾಸ್ತಿ, ಒಳ್ಳೊಳ್ಳೆ ಹುಡುಗ್ರು ಅಲ್ಲೇ ವಾಪಸ್ ಹೋಗಿದ್ದು ನೋಡಿದೀನಿ. ಮತ್ತೆ ಮೊದಲ ಶಿಫ್ಟ್ ಇಳಿಯೋಕೆ ಮುಂಚೆ ತೆಗೆದ ಎದೆ ಎಕ್ಸ್‌ರೇದು ನಿಮ್ಮದೇ ಒಂದು ಕಾಪಿ ಇಟ್ಕೊಳಿ. ಸಿಲಿಕೋಸಿಸ್, ಅಂದ್ರೆ ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ, ಸಾಮಾನ್ಯವಾಗಿ ಹತ್ತಾರು ವರ್ಷ ಆದ್ಮೇಲೆ ಮುಖ ತೋರ್ಸೋದು, ಪರಿಹಾರ ಕೇಳೋವಾಗ ಒಳಗೆ ಹೋಗೋಕೆ ಮುಂಚೆ ಶ್ವಾಸಕೋಶ ಚೆನ್ನಾಗಿತ್ತು ಅಂತ ತೋರ್ಸೋಕೆ ಕೈಯಲ್ಲಿ ಏನಾದ್ರೂ ಇರ್ಬೇಕಲ್ಲ.

ಇನ್ನು ಪಂಪು. ಯಾರಿಗೂ ಬೇಡದ ಕೆಲ್ಸ, ಮೊಣಕಾಲವರೆಗೆ ಕೆಸರು, ಕೂಲಿ ಡ್ರಿಲ್ಲರ್‌ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಬೂಟು ಬೆಲ್ಟು ಅಂತ ಕಾಂಟ್ರಾಕ್ಟರ್ ಅದ್ರಲ್ಲೂ ಕಡಿಯೋನು. ಆದ್ರೆ ಗಮನಿಸಿ, ಮಕ್ಕಿಂಗ್‌ಗೆ, ಅಂದ್ರೆ ಒಡೆದ ಕಲ್ಲು ತುಂಬಿ ಸಾಗ್ಸೋ ಕೆಲ್ಸಕ್ಕೆ, ಸೇರಿದೋನು ಒಂದೇ ಡ್ರೈವಲ್ಲಿ (ಸುರಂಗದಲ್ಲಿ) ತಿಂಗಳುಗಟ್ಲೆ ಕೊಳೀತಾನೆ, ಪಂಪ್‌ನೋನು ದಿನಾ ಗಣಿಯ ಎಲ್ಲಾ ಲೆವೆಲ್ (ಅಂತಸ್ತು) ಸುತ್ತತಾನೆ. ಯಾವ ವೆಂಟಿಲೇಶನ್ ಡೋರ್ ಎಲ್ಲಿ, ಎಸ್ಕೇಪ್ ಏಣಿ ಎಲ್ಲಿ, ಯಾವ ಶಿಫ್ಟ್ ಬಾಸ್ ಹುಡುಗ್ರಿಗೆ ಕಲಿಸ್ತಾನೆ ಯಾವನು ಬರೀ ಬೈತಾನೆ, ಎಲ್ಲಾ ಮೂರ್ನಾಲ್ಕು ತಿಂಗಳಲ್ಲಿ ಬಾಯಿಪಾಠ. ಕೆಳಗಿನ ಲೆವೆಲ್ ಪಂಪ್ ನಿಂತ್ರೆ ಫೇಸ್ ಮುಳುಗುತ್ತೆ, ಆಗ ಮೇಲಿನವ್ರಿಗೆ ನಿಮ್ಮ ಹೆಸರು ತಾನಾಗೇ ನೆನಪಾಗುತ್ತೆ. ಅವರ್ಸ್ ಅಂತೂ ಅಂಡರ್‌ಗ್ರೌಂಡ್ ಅವರ್ಸೇ, ಪಂಪಿಂದಾ ಫೇಸಿಂದಾ ಅಂತ ರಿಜಿಸ್ಟರ್ ಕೇಳಲ್ಲ.

ಅಲ್ಲೊಂದು ಕಿತಾಪತಿ ಮಾಡ್ದೆ. ನೀರು ಸೇರೋ ಗುಂಡಿ, ಅಂದ್ರೆ ಸಂಪಿನ ಕಲ್ಲುಪುಡಿ ಪಂಪ್ ಒಳಗೆ ಹೋಗಿ ನೀರು ತಳ್ಳೋ ಚಕ್ರ ಇಂಪೆಲ್ಲರ್ ತಿಂದ್ಹಾಕೋದು, ಎರಡು ಮೂರು ವಾರಕ್ಕೊಂದು ಢಮಾರ್. ಹಳೇ ಡ್ರಮ್ಮಿಗೆ ತೂತು ಕೊರ್ದು ಪಂಪ್ ಅದ್ರೊಳಗೆ ಇಳಿಸಿ ಹೊರಗೆ ಗೋಣಿಚೀಲ ಸುತ್ತಿದೆ, ಅರ್ಧ ಶಿಫ್ಟಲ್ಲಿ ಚೀಲ ಕೆಸರಿಂದ ಕಟ್ಕೊಂಡು ಪಂಪ್ ಗಾಳಿ ಎಳೀತು, ಎಲ್ಲಾ ನಕ್ಕರು. ಚೀಲ ಕಿತ್ತಾಕಿ, ಒಳಗೆ ಜಲ್ಲಿ ಹಾಕಿ, ಪಂಪನ್ನ ತಳದಿಂದ ಮೇಲಕ್ಕೆ ನೇತಾಕಿ, ಡ್ರಮ್ ಮುಂದೆ ಒಂದು ಅಡ್ಡಗೋಡೆ ಕಟ್ಟಿ ಕೆಸರು ಮೊದ್ಲೇ ಕೂರೋ ಹಾಗೆ ಮಾಡಿದ್ಮೇಲೆ ಇಂಪೆಲ್ಲರ್ ಸರಿಸುಮಾರು ಎರಡು ಪಟ್ಟು ಬಾಳಿಕೆ ಬಂತು. ತೂತಿನ ಅಳತೆ ಕೇಳ್ಬೇಡಿ, ಅದು ನಿಮ್ಮ ಕಲ್ಲುಪುಡಿ ನೋಡಿ ನೀವೇ ಕಂಡ್ಕೋಬೇಕು. ಆಮೇಲೆ ಉಳಿದ ಲೆವೆಲ್‌ಗೂ ಅದೇ ಡಿಸೈನ್ ಹೋಯ್ತು, ನನ್ನ ಹೆಸರಂತೂ ಯಾರೂ ಬರೀಲಿಲ್ಲ, ಆದ್ರೆ ಫೇಸಿಗೆ ಹೆಲ್ಪರ್ ಬೇಕು ಅಂದಾಗ ಶಿಫ್ಟ್ ಬಾಸ್ ಕರೆದಿದ್ದು ನನ್ನನ್ನೇ.

ಫೇಸಲ್ಲಿ ಮೊದ್ಲು ಕೈಗೆ ಕೊಟ್ಟಿದ್ದು ಸ್ಕೇಲಿಂಗ್ ಬಾರ್, ಸಡಿಲ ಕಲ್ಲು ಬಡಿದು ಬೀಳ್ಸೋ ಉದ್ದ ಸಲಾಕೆ. ಗಟ್ಟಿ ರೂಫಿನ ಕೆಳಗೆ ನಿಂತು ಸಡಿಲ ಕಡೆಗೆ ಬಡೀತಾ ಹೋಗೋದು, ಹಿಂದೆ ಓಡೋಕೆ ಜಾಗ ಖಾಲಿ, ಇದೆಲ್ಲಾ ನಿಮಗೆ ಗೊತ್ತಿರೋದೇ. ಗಟ್ಟಿ ಕಲ್ಲು ಠಣ್ ಅನ್ನುತ್ತೆ, ಸಡಿಲ ಇದ್ದಿದ್ದು ಬಿರುಕು ಬಿಟ್ಟ ಮಡಕೆ ಥರ ಡಬ್ ಅನ್ನುತ್ತೆ. ಫ್ಯಾನ್ ಸದ್ದಲ್ಲಿ, ಇಯರ್ ಪ್ಲಗ್ ಹಾಕ್ಕೊಂಡು ಇದು ಕೇಳಲ್ಲ ಅಂತ ತುಂಬ ಜನ ಪ್ಲಗ್ ಕೀಳ್ತಾರೆ. ಬಾರ್ ಹಿಡಿದ ಕೈ ಸ್ವಲ್ಪ ಸಡಿಲ ಬಿಟ್ಟು ನೋಡಿ, ಗಟ್ಟಿ ಇದ್ರೆ ಬಾರ್ ಚುರುಕಾಗಿ ವಾಪಸ್ ಎಗರುತ್ತೆ, ಸಡಿಲ ಇದ್ರೆ ಪೆಟ್ಟು ಸತ್ತೋಗುತ್ತೆ. ನಾನು ವಾರಗಟ್ಲೆ ಎರಡನ್ನೂ ತಾಳೆ ಹಾಕಿ ನೋಡ್ದೆ, ಕೈ ಹೇಳಿದ್ದು ಕಿವಿ ಹೇಳಿದ್ದು ಹೆಚ್ಚುಕಮ್ಮಿ ಒಂದೇ. ಅನುಮಾನ ಇದ್ರೆ ಸದ್ದು ನಿಲ್ಲಿಸಿ ಕೇಳೋದೇ ಸರಿ. ಜಾಗ ಸರಿ ಇಲ್ಲ ಅನ್ಸಿದ್ರೆ ಹೊರಗೆ ಬರೋದು ನಮ್ಮ ಹಕ್ಕು, ಐಎಲ್‌ಓ (ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ) ಮಾಡಿದ 1995ರ 176ನೇ ಕನ್ವೆನ್ಶನಲ್ಲೇ ಬರೆದಿದೆ. ಮೀಟರ್ ಲೆಕ್ಕದ ಕಾಂಟ್ರಾಕ್ಟರ್ ಮುಂದೆ ಹಾಗೆ ಹೇಳೋಕೆ ಗುಂಡಿಗೆ ಬೇಕು, ಅದು ಬೇರೆ ಮಾತು.

ಡ್ರಿಲ್ಲಿಂಗಲ್ಲಿ ದುಡ್ಡು ಇರೋದು ಸ್ಪೀಡಲ್ಲಲ್ಲ, ಪುಲ್ಲಲ್ಲಿ, ಅಂದ್ರೆ ಒಂದು ಬ್ಲಾಸ್ಟಿಗೆ ಫೇಸ್ ಎಷ್ಟು ಮುಂದೆ ಹೋಯ್ತು ಅನ್ನೋದ್ರಲ್ಲಿ. ಕಾಲಿನ ಆಸರೆ ಇರೋ ಕೈ ಡ್ರಿಲ್, ಜಾಕ್‌ಲೆಗ್, ಮೂವತ್ತು ಚಿಲ್ಲರೆ ಕೇಜಿ, ಶಿಫ್ಟ್ ಕೊನೆಗೆ ಎಲ್ಲರ ಕೈನೂ ವಾಲುತ್ತೆ, ಹೋಲ್ ಸೊಟ್ಟಗಾಗುತ್ತೆ, 1.8 ಮೀಟರ್ ಕೊರ್ದು ಬ್ಲಾಸ್ಟ್ ಆದ್ಮೇಲೆ 1.3 ಬಂದ್ರೆ ಬೋನಸ್ ಅಲ್ಲೇ ಖತಂ. ಮೊದ್ಲು ಸಿಡಿದು ಮಧ್ಯೆ ಜಾಗ ಮಾಡೋ ಕಟ್ ಹೋಲ್‌ಗಳು ಒಂದಕ್ಕೊಂದು ಪ್ಯಾರಲಲ್ ಇರ್ಬೇಕು, ಕೊರೆದ ಹೋಲಲ್ಲಿ ಉದ್ದ ಮರದ ಕೋಲು ಸಿಕ್ಕಿಸಿ ಅದನ್ನ ನೋಡ್ಕೊಂಡೇ ಮುಂದಿನದು ಹಿಡೀರಿ, ಹಳೇ ಸಾಕೆಟ್ಟಲ್ಲಿ, ಅಂದ್ರೆ ಹಿಂದಿನ ಬ್ಲಾಸ್ಟಲ್ಲಿ ಉಳಿದ ಹೋಲಿನ ತಳದಲ್ಲಿ, ಮಾತ್ರ ಬಿಟ್ ಇಡಲೇಬೇಡಿ, ಒಳಗೆ ಸಿಡಿಯದ ಮದ್ದು ಉಳಿದಿರಬಹುದು. ಶುರು ಮಾಡೋವಾಗ್ಲೂ ನೀರು ಆನ್ ಇರ್ಲಿ, ಒಣ ಕೊರೆತ ಬೇಗ ಅಂತ ಆಸೆ ತೋರ್ಸೋರ ಕೆಮ್ಮು ಕೇಳಿಸ್ಕೊಳಿ ಸಾಕು. ಹೀಗೆ ಮಾಡಿ ನಾನು 1.6ರ ಆಸುಪಾಸು ಎಳೀತಿದೀನಿ. ಕಟ್ ಮಧ್ಯದ ಮದ್ದು ತುಂಬದ ಖಾಲಿ ಹೋಲ್ ಹತ್ರ ಮಾಡೋದು ಇನ್ನೊಂದಿದೆ, ಅದ್ರಿಂದಾನೇ ಪಕ್ಕದ ಗ್ಯಾಂಗಿಗಿಂತ ನಂಗೆ ಜಾಸ್ತಿ ಬರ್ತಿರೋದು, ಹಾಗಾಗಿ ಹೇಳಲ್ಲ.

ಸಾಲ ತೀರಿದ್ದು ಹೆಲ್ಪರ್ ಆದ ಎರಡನೇ ವರ್ಷದಲ್ಲಿ. ಪಂಪಿಗೆ ಜಾಗ ಇಲ್ಲ ಅಂದ್ರೆ ವೆಂಟಿಲೇಶನ್ ಗ್ಯಾಂಗ್ ಕೇಳಿ, ಗಾಳಿ ಹೋಗೋ ಡಕ್ಟ್ ಹೊತ್ಕೊಂಡು ಅವ್ರೂ ಎಲ್ಲಾ ಫೇಸಿಗೂ ಹೋಗ್ತಾರೆ, ಅದೂ ಇಲ್ಲಾಂದ್ರೆ ಪೈಪ್ ಫಿಟ್ಟರ್ ಹೆಲ್ಪರ್. ಆಫೀಸಲ್ಲಿ ಅಪ್ಲಿಕೇಶನ್ ಕೊಟ್ಟು ಕಾಯೋದಕ್ಕಿಂತ ಶಿಫ್ಟ್ ಬಿಡೋ ಹೊತ್ತಿಗೆ ಹೋಗಿ ಗ್ಯಾಂಗ್ ಮೇಟನ್ನೇ (ಗ್ಯಾಂಗಿನ ಮುಖಂಡನನ್ನೇ) ಕೇಳಿ, ಯಾರು ಬಿಟ್ಟು ಹೋಗ್ತಿದಾರೆ ಅಂತ ಆಫೀಸಿಗಿಂತ ಮುಂಚೆ ಗೊತ್ತಾಗೋದು ಅವ್ನಿಗೇ.