ಅಕ್ಷರ ಕಲ್ಲಿನ ಮೇಲೆ ತೇಲದಿರಲಿ, ಒಳಗೆ ಇಳಿಯಲಿ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾಗಲಕೋಟೆಯ ನಮ್ಮ ಡಿಟಿಪಿ ಅಂಗಡಿಗೆ ಉಸಿರಾಡಲು ಬಿಡುವಿರುವುದಿಲ್ಲ. ಬನಶಂಕರಿ ಜಾತ್ರೆಯ ಸ್ವಾಗತ ಬ್ಯಾನರು, ನಾಟಕ ಕಂಪನಿಗಳ ಪೋಸ್ಟರು, ರಥೋತ್ಸವದ ಶುಭಾಶಯ ಎಲ್ಲ ಒಟ್ಟಿಗೇ ಬರುತ್ತವೆ. ಈ ಸಲ ಒಬ್ಬ ಹಿರಿಯರು ಬಂದು ಕುಂತರು. ‘ತಮ್ಮಾ, ಅಕ್ಷರಾ ಬಾದಾಮಿ ಕಲ್ಲಾಗ ಕೊರದಂಗ ಕಾಣಬೇಕ್ ನೋಡು. ಸ್ಟಿಕರ್ ಹಚ್ಚಿದಂಗ ಬ್ಯಾಡ.’

ನಮ್ಮಲ್ಲಿ ಬಹಳ ಮಂದಿ ಫೋಟೊ ಮೇಲೆ ಟೈಪ್ ಮಾಡಿ, ‘ಮಲ್ಟಿಪ್ಲೈ’ (ಮೇಲಿನ ಬಣ್ಣವನ್ನು ಕೆಳಗಿನದರೊಂದಿಗೆ ಬೆರೆಸಿ ಕಪ್ಪಾಗಿಸುವ ಮೋಡ್) ಒತ್ತಿ ಕೈತೊಳೆದುಕೊಳ್ಳುತ್ತಾರೆ. ಹಿರಿಯರು ಹೇಳಿದ ಸ್ಟಿಕರು ಅದೇ. ಕಲ್ಲಿನ ಉಬ್ಬುತಗ್ಗಿಗೆ ಅಕ್ಷರ ಬಾಗಬೇಕು, ಬಿರುಕು ಬಂದಲ್ಲಿ ಹರಿಯಬೇಕು, ಬಿಸಿಲು ಬಂದ ದಿಕ್ಕಿಗೆ ನೆರಳು ಬೀಳಬೇಕು. ಈ ಮೂರನ್ನು ಫೋಟೊಶಾಪ್‌ನಲ್ಲಿ ಮಾಡುವ ಬಗೆ ಹೀಗಿದೆ.

ಮೊದಲು ಫೋಟೊ. ನಡುಮಧ್ಯಾಹ್ನ ತೆಗೆದದ್ದು ಬೇಡ, ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಪ್ರತಿ ಹರಳೂ ಎದ್ದು ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ, ಇಲ್ಲದಿದ್ದರೆ ಫೋಟೊ ಕುಗ್ಗಿ ಬರುತ್ತದೆ. ಬಾದಾಮಿಗೆ ಹೋದಾಗ ಕೆರೆಯಾಚೆಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವನ್ನು ನೋಡಿ ಬನ್ನಿ. ಮುಟ್ಟಬೇಡಿ, ಕಣ್ಣಿಟ್ಟು ನೋಡಿ. ಕಲ್ಲಿನಲ್ಲಿ ಕೊರೆದ ಗೆರೆ ಕಪ್ಪಗಿರುವುದಿಲ್ಲ, ಕಲ್ಲಿನ ಬಣ್ಣದ್ದೇ ಇರುತ್ತದೆ. ಓದಿಸುವುದು ಅಂಚಿನ ನೆರಳು ಮಾತ್ರ.

ಇನ್ನು ಅಕ್ಷರ. ಯುನಿಕೋಡ್‌ನಲ್ಲಿ ಟೈಪ್ ಮಾಡಿದಾಗ ಒತ್ತಕ್ಷರ ಒಡೆದರೆ, ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ (ಕೆಲವು ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ’) ಆರಿಸಿ, ಹೊಸ ಫೈಲ್ ತೆರೆಯಿರಿ. ದಪ್ಪ ಫಾಂಟೇ ಇರಲಿ. ಟೈಪ್ ಲೇಯರಿನ (ಅಕ್ಷರವಿರುವ ಪದರ) ಒಂದು ಪ್ರತಿ ಮಾಡಿ, ಅದರ ಪಕ್ಕದ ಕಣ್ಣಿನ ಗುರುತು ಒತ್ತಿ ಕಣ್ಣು ಮುಚ್ಚಿಡಿ, ಗಿರಾಕಿ ನಾಳೆ ಬಂದು ಹೆಸರು ಬದಲಿಸಿ ಎನ್ನುವುದು ಖಾತ್ರಿ. ಇನ್ನೊಂದನ್ನು ರಾಸ್ಟರೈಸ್ ಮಾಡಿ, ಅಂದರೆ ಪಿಕ್ಸೆಲ್ ಚಿತ್ರವಾಗಿಸಿ.

ಮುಂದಿನದು ನಕಾಶೆ, ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್. ಇಡೀ ಕೆಲಸದ ಜೀವ ಇದು. ಫೋಟೊದ ಬೂದುಬಣ್ಣದ ಪ್ರತಿಯೊಂದನ್ನು ಬೇರೆ ಫೈಲ್ ಆಗಿ ಇಟ್ಟರೆ, ಫೋಟೊಶಾಪ್ ಅದನ್ನು ನೋಡಿ ಅಕ್ಷರದ ಪಿಕ್ಸೆಲ್‌ಗಳನ್ನು ಸರಿಸುತ್ತದೆ. ನಡು ಬೂದು, ಅಂದರೆ 128, ಇದ್ದಲ್ಲಿ ಅಲುಗಾಟವಿಲ್ಲ. ಅದಕ್ಕಿಂತ ಕಪ್ಪಿದ್ದರೆ ಒಂದು ಕಡೆಗೆ, ಬಿಳಿಯಿದ್ದರೆ ಎದುರು ಕಡೆಗೆ. ನಮ್ಮ ಕೆಂಪು ಮರಳುಗಲ್ಲಿಗೆ ಒಂದು ಕಿವಿಮಾತಿದೆ: ಸುಮ್ಮನೆ ಬಣ್ಣ ತೆಗೆಯಬೇಡಿ. ‘ಚಾನೆಲ್ಸ್’ (ಫೋಟೊದ ಕೆಂಪು, ಹಸಿರು, ನೀಲಿ ಪಾಲುಗಳು) ತೆರೆದು ನೋಡಿದರೆ ಕೆಂಪು ಚಾನೆಲ್ ಬೆಳ್ಳಗೆ ಸಪ್ಪೆಯಾಗಿಯೂ, ನೀಲಿಯದು ಕಪ್ಪಾಗಿ ಚುಕ್ಕೆ ಚುಕ್ಕೆಯಾಗಿಯೂ ಇರುತ್ತದೆ. ಹಸಿರು ಚಾನೆಲ್‌ನಲ್ಲಿ ಉಬ್ಬುತಗ್ಗು ಹದವಾಗಿ ಸಿಗುತ್ತದೆ. ಅದನ್ನೇ ಕಾಪಿ ಮಾಡಿ, ಅಷ್ಟೇ ಅಳತೆಯ ಹೊಸ ಫೈಲಿಗೆ ಹಾಕಿ, 2–3 ಪಿಕ್ಸೆಲ್ ‘ಗಾಸಿಯನ್ ಬ್ಲರ್’ (ಮಸುಕು) ಕೊಟ್ಟು, ಪಿಎಸ್‌ಡಿ (ಫೋಟೊಶಾಪಿನ ಸ್ವಂತ ಫೈಲ್ ಬಗೆ) ಆಗಿ ಸೇವ್ ಮಾಡಿ. ಬ್ಲರ್ ಬಿಟ್ಟರೆ ಅಕ್ಷರದ ಅಂಚು ಇಲಿ ಕಡಿದಂತಾಗುತ್ತದೆ.

ಈಗ ಅಕ್ಷರದ ಲೇಯರ್ ಮೇಲೆ ‘ಫಿಲ್ಟರ್’, ‘ಡಿಸ್ಟಾರ್ಟ್’, ‘ಡಿಸ್‌ಪ್ಲೇಸ್’. ಅಡ್ಡ, ಉದ್ದ ಎರಡಕ್ಕೂ 5ರಿಂದ ಶುರುಮಾಡಿ, ಫೈಲ್ ಕೇಳಿದಾಗ ಸೇವ್ ಮಾಡಿಟ್ಟ ನಕಾಶೆಯನ್ನು ತೋರಿಸಿ. 100 ಕೊಟ್ಟರೆ 128 ಪಿಕ್ಸೆಲ್‌ವರೆಗೆ ಸರಿಯುತ್ತದೆ, 10ಕ್ಕೆ ಹೆಚ್ಚೆಂದರೆ 13. ಚಿಕ್ಕ ಫೋಟೊಗೆ 3 ಸಾಕು.

ಕೊರೆದಂತೆ ಕಾಣಲು ಲೇಯರಿನ ‘ಫಿಲ್’ (ಅಕ್ಷರದ ಸ್ವಂತ ಬಣ್ಣದ ಪ್ರಮಾಣ) ಅನ್ನು 0 ಮಾಡಿ. ‘ಒಪ್ಯಾಸಿಟಿ’ ಅಲ್ಲ, ಅದನ್ನು ಇಳಿಸಿದರೆ ಎಫೆಕ್ಟ್‌ಗಳೂ ಮಾಯ. ಫೋಟೊದಲ್ಲಿ ಒಂದು ಬಿರುಕಿನ ನೆರಳು ನೋಡಿ ಬಿಸಿಲು ಎತ್ತಣದ್ದೆಂದು ಗುರುತಿಸಿ, ‘ಇನ್ನರ್ ಶ್ಯಾಡೊ’ (ಒಳನೆರಳು) ಎಫೆಕ್ಟಿನ ಕೋನವನ್ನು ಅದಕ್ಕೇ ಹೊಂದಿಸಿ. ‘ಬೆವೆಲ್’ (ಅಂಚಿನ ಇಳಿಜಾರು) ಹಾಕುವುದಾದರೆ ದಿಕ್ಕು ‘ಡೌನ್’. ಎಡ ಮೇಲಿನಿಂದ ಬಿಸಿಲಿದ್ದರೆ ಗೆರೆಯ ಎಡ ಅಂಚು ಕಪ್ಪು, ಬಲ ಅಂಚು ಬೆಳಕು. ಇದು ತಿರುಗುಮುರುಗಾದರೆ ಅಕ್ಷರ ಹೊಟ್ಟೆ ಉಬ್ಬಿಸಿಕೊಂಡು ಹೊರಬರುತ್ತದೆ.

ಸುಣ್ಣದಲ್ಲಿ ಬರೆದಂತೆ ಬೇಕೆಂದರೆ ದಾರಿ ಬೇರೆ. ಬಿಳಿ ಬಣ್ಣಕ್ಕೆ ಮಲ್ಟಿಪ್ಲೈ ಕೊಟ್ಟರೆ ಅಕ್ಷರವೇ ಕಾಣೆ. ಮೋಡ್ ‘ನಾರ್ಮಲ್’ ಇರಲಿ. ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಕೆಳಗಿರುವ ‘ಬ್ಲೆಂಡ್ ಇಫ್’ನಲ್ಲಿ ಎರಡನೇ ಪಟ್ಟಿಯ ಕಪ್ಪು ಗುಂಡಿಯನ್ನು ಬಲಕ್ಕೆ ಎಳೆಯಿರಿ, ಬಿರುಕುಗಳು ಸುಣ್ಣವನ್ನು ಸೀಳಿಕೊಂಡು ಮೇಲೆ ಬರುತ್ತವೆ. ಆಲ್ಟ್ ಹಿಡಿದು ಎಳೆದರೆ ಗುಂಡಿ ಎರಡಾಗಿ, ಸೀಳು ಮೆತ್ತಗಾಗುತ್ತದೆ. ಗಿಂಪ್ (ಉಚಿತ ಫೋಟೊ ತಂತ್ರಾಂಶ) ಬಳಸುವವರು ಬೂದುಬಣ್ಣದ ಫೋಟೊವನ್ನೇ ಅಕ್ಷರದ ಲೇಯರ್ ಮಾಸ್ಕಿಗೆ (ಕಪ್ಪಿದ್ದಲ್ಲಿ ಅಕ್ಷರವನ್ನು ಮರೆಮಾಡುವ ಪರದೆ) ಅಂಟಿಸಿ, ‘ಲೆವೆಲ್ಸ್’ ಬಿಗಿ ಮಾಡಿದರೂ ಆದೀತು. ಕೊನೆಗೆ, ಯಾವ ಬಗೆಯಾದರೂ, ಅಕ್ಷರಕ್ಕೆ ಚೂರು ಬ್ಲರ್, ಚೂರು ‘ನಾಯ್ಸ್’ (ಫೋಟೊದಲ್ಲಿರುವಂಥ ಸಣ್ಣ ಚುಕ್ಕೆಗಳು). ಫೋಟೊಗಿಂತ ಅಕ್ಷರ ಚೂಪಾಗಿರಬಾರದು.

ನಾನು ಎಡವಿದ್ದು ಇಷ್ಟೆಲ್ಲ ಆದ ಮೇಲೆ. ಹಿರಿಯರಿಗೆ ತೋರಿಸಲು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು. ‘ಕಲ್ಲು ಚಂದ ಆಗೇತಿ. ಆದರ ಇದೇನೋ, ರಧೋತ್ಸವ?’ ಹೊಟ್ಟೆಯೊಳಗಿನ ಚುಕ್ಕೆಯನ್ನು ಕಲ್ಲಿನ ಒಂದು ತಗ್ಗು ನುಂಗಿ, ಥ ಹೋಗಿ ಧ ಆಗಿತ್ತು. ಚುಕ್ಕೆ ಬಿದ್ದ ಜಾಗದಲ್ಲಿ ತಗ್ಗು ಬರದಂತೆ ಇಡೀ ಸಾಲನ್ನು ಬೆರಳಗಲ ಎಡಕ್ಕೆ ಸರಿಸಿ, ಕಣ್ಣು ಮುಚ್ಚಿಟ್ಟಿದ್ದ ಪ್ರತಿಯಿಂದ ಡಿಸ್‌ಪ್ಲೇಸ್ ಮತ್ತೆ ಮೊದಲಿನಿಂದ ಮಾಡಿದೆ.