ಭಾಷೆಯ ಹೆಸರು ಒಂದೇ ಕಡೆ ಇರಲಿ

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಿಘಂಟು ವಿಕ್ಷನರಿಗೆ ನಾನು ಬಂದಿದ್ದು ಪದ ಸೇರಿಸಲು. ಟೆಂಪ್ಲೇಟುಗಳಿಗೆ (ಹಲವು ಪುಟಗಳಿಗೆ ಒಂದೇ ಪಠ್ಯ ತಂದು ಹಾಕುವ ಅಚ್ಚುಗಳಿಗೆ) ಕೈ ಹಾಕಿದ್ದು ಮಲಯಾಳಂ ಪದಗಳ ವರ್ಗ, ಅಂದರೆ ಅವುಗಳ ಪಟ್ಟಿಯ ಪುಟ, ನೋಡಿದ ಮೇಲೆ. ಒಂದೇ ಭಾಷೆಗೆ ಮೂರು ವರ್ಗಗಳಿದ್ದವು: ಮಲಯಾಳಂ, ಮಲಯಾಳ, ಮಲೆಯಾಳಂ. ಬರೆದವರ ತಪ್ಪಲ್ಲ, ಮೂರೂ ಬಳಕೆಯಲ್ಲಿವೆ. ಆದರೆ ಒಂದರಲ್ಲಿ ಹುಡುಕಿದವರಿಗೆ ಉಳಿದೆರಡರ ಪದಗಳು ಕಾಣುವುದೇ ಇಲ್ಲ, ಅಲ್ವಾ?

ಅದಕ್ಕೇ ಪದದ ಪುಟದಲ್ಲಿ ಭಾಷೆಯ ಹೆಸರು ಬರೆಯದೆ ಕೋಡ್ ಮಾತ್ರ ಹಾಕಲು ಶುರು ಮಾಡಿದೆ. ಕನ್ನಡಕ್ಕೆ ‘ಕೆಎನ್’, ತುಳುವಿಗೆ ‘ಟಿಸಿವೈ’, ಕೊಡವಕ್ಕೆ ‘ಕೆಎಫ್‌ಎ’. ಹೆಸರನ್ನು ಟೆಂಪ್ಲೇಟು ತಂದು ಕೊಡುತ್ತದೆ. ಇವು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಇಂಗ್ಲಿಷ್ ಅಕ್ಷರಗಳ ಕೋಡ್‌ಗಳು. ಎರಡಕ್ಷರದ ಕೋಡ್ ಇರುವುದು ಸುಮಾರು 180 ಭಾಷೆಗಳಿಗೆ. ಮೂರಕ್ಷರದ ಪಟ್ಟಿಯಲ್ಲಿ 7,000ಕ್ಕೂ ಜಾಸ್ತಿ ಇವೆ. ಕೊಂಕಣಿ ಬಂದಾಗ ಮಾತ್ರ ನಿಂತು ಯೋಚಿಸಬೇಕಾಯಿತು. ‘ಕೆಒಕೆ’ ಇಡೀ ಗುಂಪಿನ ಕೋಡ್, ಅದರೊಳಗೆ ‘ಜಿಒಎಂ’ ಮತ್ತು ‘ಕೆಎನ್‌ಎನ್’ ಬೇರೆ ಬೇರೆ. ಇಂಥ ಕಡೆ ಸುಮ್ನೆ ಊಹಿಸುವುದಿಲ್ಲ, ಪದ ಸೇರಿಸಿದವರನ್ನೇ ಕೇಳುತ್ತೇನೆ.

ಮೊದಮೊದಲು ಪ್ರತಿ ಕೋಡಿಗೂ ಒಂದೊಂದು ಪುಟ್ಟ ಟೆಂಪ್ಲೇಟು ಇತ್ತು. ಒಳಗೆ ಒಂದೇ ಪದ. ಅದರಲ್ಲೂ ನಾನು ಎಡವಿದೆ. ‘ತುಳು’ ಎಂದು ಬರೆದು, ಎಂಟರ್ ಒತ್ತಿ, ಕೆಳಗಿನ ಸಾಲಿನಲ್ಲಿ ವಿವರಣೆ ಬರೆದಿದ್ದೆ. ಆ ಸಾಲು ಮುರಿತವೂ ಹೆಸರಿನ ಜೊತೆ ಪುಟಗಳಿಗೆ ಹೋಯಿತು. ವಿಕಿಯಲ್ಲಿ ಶೀರ್ಷಿಕೆಯ ಎರಡೂ ಬದಿಗೆ ಹಾಕುವ ಸಮ ಚಿಹ್ನೆಗಳು (==) ಒಂದೇ ಸಾಲಿನಲ್ಲಿರಬೇಕು. ಇಲ್ಲಿ ಎರಡನೆಯ ಜೋಡಿ ಕೆಳಗೆ ಜಾರಿ, ತುಳು ಪದಗಳ ಶೀರ್ಷಿಕೆಗಳೆಲ್ಲ ಕೆಟ್ಟವು. ಈಗ ವಿವರಣೆ ಪುಟಗಳಿಗೆ ಹೋಗದಂತೆ ತಡೆಯುವ ಟ್ಯಾಗನ್ನು ಹೆಸರಿಗೆ ಅಂಟಿಸಿಯೇ ಶುರು ಮಾಡುತ್ತೇನೆ.

ಇದಕ್ಕಿಂತ ಜಾಸ್ತಿ ಕಾಡಿದ್ದು ಕಣ್ಣಿಗೆ ಕಾಣದ ಒಂದು ಅಕ್ಷರ. ‘ಇಂಗ್ಲಿಷ್’ ಎಂಬ ವರ್ಗ ಎರಡಿತ್ತು. ಎಷ್ಟು ನೋಡಿದರೂ ಕಾಗುಣಿತದಲ್ಲಿ ವ್ಯತ್ಯಾಸವಿಲ್ಲ. ‘ಇಂಗ್ಲಿಷ್‌ನಲ್ಲಿ’ ಎಂದು ಬರೆಯುವಾಗ ನಕಾರ ಒತ್ತಾಗದಂತೆ ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಆ ಕಾಣದ ಅಕ್ಷರ ಹಾಕುತ್ತೇವೆ. ಅಲ್ಲಿಂದ ಹೆಸರನ್ನಷ್ಟೇ ನಕಲು ಮಾಡಿದಾಗ ಅದು ಬಾಲದಲ್ಲಿ ಉಳಿದುಬಿಟ್ಟಿತ್ತು. ನಮಗೆ ಒಂದೇ ಹೆಸರು, ಯಂತ್ರಕ್ಕೆ ಎರಡು. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳನ್ನು ಆಮೇಲೆ ನಾನು ಯಾವತ್ತೂ ನಕಲು ಮಾಡಿಲ್ಲ, ಕೈಯಾರೆ ಟೈಪ್ ಮಾಡುತ್ತೇನೆ.

ಕನ್ನಡದ್ದೇ ಆದ ಇನ್ನೊಂದು ತೊಡಕು ವಿಭಕ್ತಿ. ಹೆಸರಿನ ಮುಂದೆ ‘ದ’ ಅಂಟಿಸುವ ಟೆಂಪ್ಲೇಟು ‘ಕನ್ನಡದ’ ಎಂದು ಸರಿಯಾಗಿ ಕೊಡುತ್ತದೆ. ಅದೇ ಟೆಂಪ್ಲೇಟು ‘ತಮಿಳುದ’, ‘ತುಳುದ’ ಎಂದೂ ಬರೆಯುತ್ತದೆ! ಬೇಕಾದ್ದು ತಮಿಳಿನ, ತುಳುವಿನ. ವರ್ಗಗಳಿಗೆ ‘ತುಳು ನಾಮಪದಗಳು’ ಎಂದು ಪ್ರತ್ಯಯವಿಲ್ಲದ ರೂಪ ಇಟ್ಟೆ. ವಾಕ್ಯದೊಳಗೆ ಬರುವ ಕಡೆಗೆ ಪ್ರತಿ ಭಾಷೆಯ ‘ದ’ ಅಥವಾ ‘ಇನ’ ರೂಪವನ್ನೂ ಪಟ್ಟಿಗೆ ಸೇರಿಸಿದೆ. ಬೇಸರದ ಕೆಲಸ, ಆದರೆ ತಪ್ಪು ಕನ್ನಡ ಬರೆಯುವ ನಿಘಂಟು ಬೇಡ.

ಈಗ ಎಲ್ಲವೂ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದೇ ಮಾಡ್ಯೂಲಿನಲ್ಲಿದೆ. ಅಲ್ಲಿ ಒಂದಕ್ಷರ ತಿದ್ದಿದರೂ ಅದನ್ನು ಬಳಸುವ ಪುಟಗಳೆಲ್ಲ ಮತ್ತೆ ಸಿದ್ಧವಾಗಲು ಸಾಲಿನಲ್ಲಿ ನಿಲ್ಲುತ್ತವೆ. ಹಾಗಾಗಿ ತಿದ್ದುಪಡಿಗಳನ್ನು ಕೂಡಿಟ್ಟು, ಪ್ರಯೋಗಪುಟದಲ್ಲಿ ನೋಡಿ, ಒಟ್ಟಿಗೆ ಹಾಕುತ್ತೇನೆ.

ಮಲಯಾಳಂ ವರ್ಗ ಈಗ ಒಂದೇ. ಹಳೆಯ ಎರಡು ಪುಟಗಳನ್ನು ಅಳಿಸಿಲ್ಲ, ಅಲ್ಲಿಂದ ಇಲ್ಲಿಗೆ ದಾರಿ ತೋರಿಸಿದ್ದೇನೆ. ಆ ಹೆಸರುಗಳಲ್ಲಿ ಹುಡುಕುವವರು ಇನ್ನೂ ಇದ್ದಾರೆ.