ಟ್ಯಾಬ್ಲೆಟ್ಟೇ ಭೂತಗನ್ನಡಿ

ಕಾಸರಗೋಡಿನ ಪೆರ್ಲದ ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ, ಕೊನೆಗೆ ಯಾರನ್ನಾದರೂ ಕೂಗುವುದು ಅವರ ವಾಡಿಕೆಯಾಗಿತ್ತು. ಮೊಮ್ಮಗಳ ಪಾಠಕ್ಕೆಂದು ತಂದ ಐಪ್ಯಾಡ್ ಈಗ ಅವರ ಭೂತಗನ್ನಡಿಯೂ ಹೌದು.

ಮೊದಲು ಸೆಟ್ಟಿಂಗ್ಸ್ ತೆರೆದು ಅಕ್ಸೆಸಿಬಿಲಿಟಿಗೆ ಹೋಗಿ. ಅಲ್ಲಿ ಕೆಳಗಿರುವ ಅಕ್ಸೆಸಿಬಿಲಿಟಿ ಶಾರ್ಟ್‌ಕಟ್‌ನಲ್ಲಿ ಮ್ಯಾಗ್ನಿಫೈಯರ್ ಆರಿಸಿ. ಇನ್ನು ಹೋಮ್ ಬಟನ್ ಅನ್ನು ಬೇಗಬೇಗನೆ ಮೂರು ಸಲ ಒತ್ತಿದರೆ ಸಾಕು, ಕ್ಯಾಮೆರಾ ಭೂತಗನ್ನಡಿಯಾಗಿ ತೆರೆದುಕೊಳ್ಳುತ್ತದೆ. ಆ ಬಟನ್ ಇಲ್ಲದ ಮಾದರಿಗಳಲ್ಲಿ ಮೇಲಂಚಿನ ಬಟನ್ ಅನ್ನು ಹಾಗೆಯೇ ಮೂರು ಸಲ ಒತ್ತಬೇಕು.

ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಅಕ್ಷರ ಸಣ್ಣದೆಂದು ಟ್ಯಾಬ್ಲೆಟ್ಟನ್ನು ಹತ್ತಿರ ಒಯ್ದಷ್ಟೂ ಚಿತ್ರ ಮಸುಕಾಗುತ್ತದೆ. ಒಂದು ಗೇಣು ದೂರ ಇಡಿ, ಆಮೇಲೆ ಪರದೆಯ ಸ್ಲೈಡರ್ ಎಳೆದು ದೊಡ್ಡದು ಮಾಡಿ. ಸುಮಾರು ಅರ್ಧ ಕಿಲೋ ತೂಗುವ ವಸ್ತುವನ್ನು ನಡುಗುವ ಕೈಯಲ್ಲಿ ಹಿಡಿದು ಓದುವುದು ಕಷ್ಟ. ನಾವು ಮೇಜಿನ ಮೇಲೆ ಪುಸ್ತಕಗಳನ್ನು ಒಟ್ಟಿ, ಕ್ಯಾಮೆರಾ ಇರುವ ಮೂಲೆ ಮಾತ್ರ ಹೊರಚಾಚುವಂತೆ ಟ್ಯಾಬ್ಲೆಟ್ಟನ್ನು ಮಲಗಿಸುತ್ತೇವೆ. ಆ ಮೂಲೆಯ ಕೆಳಗೆ ಓದಬೇಕಾದ ವಸ್ತು.

ಪರದೆಯ ಗುಂಡು ಬಟನ್ ಮುಟ್ಟಿದರೆ ದೃಶ್ಯ ಅಲ್ಲೇ ನಿಲ್ಲುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ: ನಿಂತ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಆರಾಮವಾಗಿ ಓದಬಹುದು.

ಮಾತ್ರೆಯ ಪಟ್ಟಿಯ ವಿಷಯ ಬೇರೆ. ಅವಧಿ ಮುಗಿಯುವ ತಿಂಗಳು, ವರ್ಷವನ್ನು ಎಷ್ಟೋ ಪಟ್ಟಿಗಳಲ್ಲಿ ಶಾಯಿಯಿಲ್ಲದೆ ಒತ್ತಿರುತ್ತಾರೆ. ಮೇಲಿನಿಂದ ಬೆಳಕು ಬಿದ್ದರೆ ಬೆಳ್ಳಿಹಾಳೆ ಹೊಳೆಯುತ್ತದೆ, ಅಂಕಿ ಕಾಣುವುದಿಲ್ಲ. ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಪಟ್ಟಿಯನ್ನು ತುಸು ಓರೆ ಮಾಡಿ; ಒತ್ತಿದ ಅಂಕಿಗೆ ನೆರಳು ಮೂಡುತ್ತದೆ. ನಮೂದಾದ ತಿಂಗಳ ಕೊನೆಯ ದಿನದವರೆಗೂ ಆ ಮಾತ್ರೆ ಬಳಸಬಹುದು. ದಿನಾಂಕವಿರುವ ತುದಿಯನ್ನು ಮೊದಲೇ ಕತ್ತರಿಸಿ ಎಸೆಯಬೇಡಿ ಎಂದು ಮನೆಯವರಿಗೆಲ್ಲ ಹೇಳಿಡಿ.

ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಅಕ್ಸೆಸಿಬಿಲಿಟಿಯೊಳಗಿನ ಮ್ಯಾಗ್ನಿಫಿಕೇಶನ್ ಹಿಗ್ಗಿಸುವುದು ಪರದೆಯನ್ನು, ಎದುರಿಗಿರುವ ವಸ್ತುವನ್ನಲ್ಲ. ಅದಕ್ಕೆ ಕ್ಯಾಮೆರಾದಲ್ಲಿ ಫೋಟೊ ತೆಗೆದು ಎರಡು ಬೆರಳಿನಿಂದ ಹಿಗ್ಗಿಸುವುದೇ ಸುಲಭ.

ಇನ್ನು ಹಳೆಯ ಪತ್ರಗಳು. 1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಅಂದು ಕನ್ನಡದಲ್ಲಿ ಬರೆದ ಪಾಲುಪಟ್ಟಿ, ಗೇಣಿಚೀಟುಗಳು ಇಲ್ಲಿನ ಮನೆಗಳ ಪೆಟ್ಟಿಗೆಗಳಲ್ಲಿವೆ. ಮಾಸಿದ ಶಾಯಿಗೆ ಕಾಂಟ್ರಾಸ್ಟ್ ಏರಿಸಿ. ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಕಾಣಿಸುವ ಬಣ್ಣದ ಫಿಲ್ಟರ್ ಅಚ್ಚಿನ ಬರಹಕ್ಕೆ ಚೆನ್ನ, ಆದರೆ ಕೈಬರಹದಲ್ಲಿ ಕಾಗದದ ಕಲೆಯೂ ಅಕ್ಷರದಂತೆ ಎದ್ದು ಬರುತ್ತದೆ. ಮಡಿಕೆಯನ್ನು ಬಲವಂತವಾಗಿ ಬಿಡಿಸದೆ, ಹಾಳೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಟ್ಯಾಬ್ಲೆಟ್ಟನ್ನು ಮಾತ್ರ ಸರಿಸಿ. ಒಂದು ಸಾಲು ನಿಲ್ಲಿಸಿ, ಓದಿ, ಮುಂದಿನ ಸಾಲಿಗೆ ಹೋಗಿ. ಮೊನ್ನೆ ಹೀಗೆ ಓದುತ್ತಾ ಕೂತ ದೊಡ್ಡಮ್ಮ, "ಇದು ನನ್ನ ಮಾವನವರ ರುಜು" ಎಂದು ಪರದೆಯ ಮೇಲೆ ಬೆರಳಿಟ್ಟರು.